ಸರಪಳಿ ಯೆಸ್ಲಿಮ್ ತೋರಿಸಿದ ಗೋರಿ

ನಾನು ಬೆಳೆದ ಮನೆಗೆ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುತ್ತಿದ್ದಂತೆ ಒಬ್ಬ ಎತ್ತರದ ಮನುಷ್ಯ ಬರುತ್ತಿದ್ದ. ಬಾಗಿಲಲ್ಲಿ ನಿಂತು ಸಲಾಂ ಹೇಳಿ, ಚಪ್ಪಲಿ ಬಿಟ್ಟು, ಅಂಗಳ ದಾಟಿ ಅಡುಗೆಮನೆಯ ಹಿಂಬದಿಗೆ ಹೋಗುತ್ತಿದ್ದ. ಅಲ್ಲಿ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ತಾನು ತಂದ ಡಬ್ಬಿಯ ನೀರನ್ನು ಮರಳಿಗೆ ಹೊಯ್ದು, ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ, ಎರಡೂ ಕೈಯಿಂದ ಮುಖ ಸವರಿಕೊಂಡು ಏಳುತ್ತಿದ್ದ. ಅಮ್ಮ ಕೊಟ್ಟ ಚಹಾ ಮೂರು ಲೋಟ ಕುಡಿದು ಹೊರಟುಬಿಡುತ್ತಿದ್ದ. ಮರುಭೂಮಿಗೂ ಸಮುದ್ರಕ್ಕೂ ನಡುವಿನ ನಮ್ಮೂರು ನುವಾಕ್ಷೋಟಿನಲ್ಲಿ ಆಗ ನೀರೆಂದರೆ ಕತ್ತೆಗಾಡಿಯವನು ತಂದು ಪೀಪಾಯಿಗೆ ಸುರಿದು ಹೋಗುವ ವಸ್ತು. ಅದನ್ನು ಮರಳಿಗೆ ಹೊಯ್ಯುವವನ ತಲೆ ನೆಟ್ಟಗಿಲ್ಲ ಎಂದು ಅಪ್ಪ ಮೊದಮೊದಲು ಗೊಣಗುತ್ತಿದ್ದ.

ಅವನು ಮೊದಲ ಸಲ ಬಂದಾಗ ನನಗೆ ಏಳು ವರ್ಷ. ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತ. ತಗ್ಗಿನ ಬಡಾವಣೆಯಲ್ಲಿ ಕಟ್ಟಿಸಿದ ಹೊಸ ಸಿಮೆಂಟಿನ ಮನೆಗಳಲ್ಲಿ ಒಂದು ನಮಗೆ ಸಿಕ್ಕಿತ್ತು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

“ತಂಗಿ, ನಿಮ್ಮನೆ ಹಿಂದ್ಗಡೆ ಸ್ವಲ್ಪ ಹೊತ್ತು ಕೂರಬೇಕಿತ್ತು. ತಪ್ಪು ತಿಳ್ಕೋಬೇಡಿ,” ಅಂದ ಅಮ್ಮನಿಗೆ.

“ಯಾಕಣ್ಣಾ? ಅಲ್ಲಿ ಇದ್ದಿಲು, ಪೀಪಾಯಿ ಬಿಟ್ರೆ ಇನ್ನೇನೂ ಇಲ್ಲ.”

“ಈ ಬೀದಿಗೆಲ್ಲ ಗೂಟ ಹೊಡೆದೋನು ನಾನೇ. ಒಂದು ಹರಕೆ ಇದೆ, ಅಷ್ಟೆ.”

ಹರಕೆ ಅಂದವನನ್ನು ಬಾಗಿಲಿಂದ ಹಿಂದೆ ಕಳಿಸುವ ಜನ ನಾವಲ್ಲ. ಅಮ್ಮ ದಾರಿ ಬಿಟ್ಟಳು. ಆ ದಿನದಿಂದ ಮೂವತ್ತೈದು ವರ್ಷ ಅವನು ಬಂದ. ಅವನ ಹೆಸರು ಯೆಸ್ಲಿಮ್. ಊರಿನವರಿಗೆ ಸರಪಳಿ ಯೆಸ್ಲಿಮ್, ನಮ್ಮಂಥ ಮಕ್ಕಳಿಗೆ ಸರಪಳಿ ಅಜ್ಜ. ರಸ್ತೆಯಲ್ಲಿ ನಡೆಯುವಾಗಲೂ ಮನಸ್ಸಿನಲ್ಲಿ ಹೆಜ್ಜೆ ಎಣಿಸುತ್ತಲೇ ಇರುತ್ತಿದ್ದ. ಮಧ್ಯೆ ಯಾರಾದರೂ ಮಾತಾಡಿಸಿದರೆ ಬೆರಳು ಮಡಚಿ ಎಣಿಕೆಯನ್ನು ಹಿಡಿದಿಟ್ಟುಕೊಂಡು ಆಮೇಲೆ ಉತ್ತರ ಕೊಡುತ್ತಿದ್ದ.

ಆ ಮನೆಯಲ್ಲಿ ಹಿಂದಿನ ಕೋಣೆ ನನ್ನದು. ಅಲ್ಲಿ ನನ್ನ ಮಂಚದ ಒಂದು ಕಾಲು ವರ್ಷವರ್ಷಕ್ಕೂ ನೆಲದೊಳಗೆ ಇಳಿಯುತ್ತಿತ್ತು. ಸಿಮೆಂಟು ಬಿರುಕು ಬಿಡುತ್ತಿತ್ತು, ಅಮ್ಮ ಹಲಗೆ ಚೂರು ಕೊಟ್ಟು ಮಟ್ಟ ಮಾಡುತ್ತಿದ್ದಳು. ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಮಲಗಿದಾಗ ನಾನು ನೆಲದ ಚಾಪೆಗೆ ಕಿವಿಯೊತ್ತಿ ಮಲಗಿದರೆ ಕೆಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ ಆಗುತ್ತಿತ್ತು. ಹೇಳಿದರೆ ಅಮ್ಮ, “ಸಮುದ್ರ ಕಣೇ, ದೂರದಲ್ಲಿ ಅಲೆ ಹೊಡೆಯೋದು,” ಅನ್ನುತ್ತಿದ್ದಳು. ನಾನು ನಂಬಿದ್ದೆ. ಈಗಲೂ ನಂಬಲು ನೋಡುತ್ತೇನೆ.

ಅವನ ಕಥೆ ನನಗೆ ಪೂರ್ತಿ ತಿಳಿದದ್ದು ನಾನು ಶಾಲೆಯಲ್ಲಿ ಟೀಚರಾಗಿ, ಅಪ್ಪ ತೀರಿಕೊಂಡು, ಅಮ್ಮನಿಗೂ ಹಲ್ಲು ಉದುರಿದ ಮೇಲೆ. ಅದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಊರು ಊರಾಗುವ ಮೊದಲು ಇಲ್ಲಿದ್ದದ್ದು ಕ್ಸಾರ್ ಎಂಬ ಸಣ್ಣ ಮಣ್ಣುಕೋಟೆ, ನಾಲ್ಕಾರು ಅಂಗಡಿ, ಉಳಿದದ್ದೆಲ್ಲ ಮರಳು ದಿಬ್ಬ. ಯೆಸ್ಲಿಮನ ಮನೆಯವರು ಆ ದಿಬ್ಬಗಳ ನಡುವೆ ಗುಡಾರ ಹಾಕಿಕೊಂಡು ಒಂಟೆ ಮೇಯಿಸುವವರು. ಸಾವಿರದ ಒಂಬೈನೂರ ಐವತ್ತಾರರ ಚಳಿಗಾಲದಲ್ಲಿ, ಅವನಿಗೆ ಇಪ್ಪತ್ತೊಂದು ವರ್ಷವಿದ್ದಾಗ, ಉಪ್ಪು ಹೇರಿಕೊಂಡು ದಕ್ಷಿಣಕ್ಕೆ ಹೊರಟಿದ್ದ ಒಂದು ಚಿಕ್ಕ ತಂಡ ಅವರ ಗುಡಾರದ ಹತ್ತಿರ ನಿಂತಿತು. ತಂಡದ ಸಿದಾತಿ ಎಂಬವನ ಹೆಂಡತಿ ಮಿನೆತುವಿಗೆ ದಾರಿಯಲ್ಲೇ ಹೆರಿಗೆ ನೋವು ಬಂದಿತ್ತು. ಯೆಸ್ಲಿಮನ ತಾಯಿ ಓಡಿದಳು. ಮಗು ಉಳಿಯಿತು, ಹೆಣ್ಣು. ತಾಯಿ ಉಳಿಯಲಿಲ್ಲ.

ಯೆಸ್ಲಿಮನೇ ಗುಂಡಿ ತೋಡಿದ. ನಮ್ಮ ದಿಬ್ಬಗಳಲ್ಲಿ ಕಪ್ಪೆಚಿಪ್ಪು ಎಷ್ಟು ಬೇಕಾದರೂ ಸಿಗುತ್ತದೆ, ಕಲ್ಲು ಸಿಗುವುದಿಲ್ಲ. ಸಿದಾತಿ ತನ್ನ ಒಂಟೆಯ ಮೇಲಿನ ಹೇರಿನಿಂದ ಮಿನೆತುವಿನ ಒಲೆಯ ಮೂರು ಕಲ್ಲು ಇಳಿಸಿದ. ಮಸಿ ಹಿಡಿದ ಕರಿ ಕಲ್ಲುಗಳು. ಅವನ್ನೇ ಗೋರಿಯ ಮೇಲೆ ಇಟ್ಟ.

“ನನ್ನ ದಾರಿ ದೂರದ್ದು. ಯಾವಾಗ ಬರ್ತೀನೋ ಗೊತ್ತಿಲ್ಲ,” ಅಂದ ಯೆಸ್ಲಿಮನ ಕೈ ಹಿಡಿದು. “ಮಗು ನನ್ನ ಜೊತೆ ಬರುತ್ತೆ. ಇವಳನ್ನ ನಿನಗೆ ಒಪ್ಪಿಸಿ ಹೋಗ್ತಿದೀನಿ. ಮರಳು ಮುಚ್ಚಿದ್ರೂ ನೀನು ಮರೀಬೇಡ.”

“ನನ್ನ ಜೀವ ಇರೋವರೆಗೂ ಮರೆಯಲ್ಲ,” ಅಂದ ಯೆಸ್ಲಿಮ್. ನಮ್ಮಲ್ಲಿ ಒಪ್ಪಿಸಿದ್ದನ್ನು ಒಪ್ಪಿಕೊಂಡ ಮೇಲೆ ಅದು ಕುತ್ತಿಗೆಗೆ ಕಟ್ಟಿದ ಹಾಗೆಯೇ.

ಎರಡು ವರ್ಷಕ್ಕೆ ಊರು ಕಟ್ಟುವವರು ಬಂದರು. ಹುಟ್ಟಲಿರುವ ದೇಶಕ್ಕೆ ಒಂದು ರಾಜಧಾನಿ ಬೇಕಿತ್ತು. ಹದಿನೈದು ಸಾವಿರ ಜನರಿಗೆ ಸಾಕಾಗುವಷ್ಟು ನಕ್ಷೆ ಬರೆದು ತಂದಿದ್ದರು. ಮೋಜಣಿಗೆ ಆಳು ಬೇಕೆಂದಾಗ ಯೆಸ್ಲಿಮ್ ಸೇರಿದ. ಫ್ರೆಂಚ್ ಎಂಜಿನಿಯರ್ ದುರ್ಬೀನಿನಂಥ ಯಂತ್ರದಲ್ಲಿ ಕಣ್ಣಿಟ್ಟು ಕೈ ಆಡಿಸುತ್ತಿದ್ದ, ಇವನು ಅಳತೆಯ ಸರಪಳಿಯ ತುದಿ ಹಿಡಿದು ದಿಬ್ಬ ಹತ್ತಿ ಇಳಿಯುತ್ತಿದ್ದ. ಅವನು ಕೈ ನಿಲ್ಲಿಸಿದಲ್ಲಿ ಗೂಟ. ಗೂಟ ಹೊಡೆಯುವ ಮೊದಲು ಎಂಜಿನಿಯರ್ ಪ್ರತಿ ಸಲ ಕೇಳುತ್ತಿದ್ದ: ಇಲ್ಲಿ ಏನಾದರೂ ಇದೆಯಾ? ಬಾವಿ, ಗೋರಿ, ಯಾರದಾದರೂ ಗುರುತು? ಇದ್ದರೆ ಗೆರೆ ಪಕ್ಕಕ್ಕೆ ಸರಿಯುತ್ತಿತ್ತು.

ಒಮ್ಮೆ ಯೆಸ್ಲಿಮನೇ ಹೀಗೊಂದು ಹಳೆಯ ಗೋರಿ ತೋರಿಸಿದ. ಮೂರು ದಿನದ ಕೆಲಸ ಕಿತ್ತು ಮತ್ತೆ ಮಾಡಬೇಕಾಯಿತು. ಆಳುಗಳ ಮೇಲಿದ್ದ ದೆಂಬಾ ಮೇಸ್ತ್ರಿ ಕೆಂಡವಾದ.

“ಏನಯ್ಯಾ, ನೀನು ಗೂಟ ಹೊಡೆಯೋಕೆ ಬಂದೋನೋ, ಹೆಣ ಹುಡುಕೋಕೆ ಬಂದೋನೋ? ಇನ್ನೊಂದು ಎಲುಬು ತೋರಿಸು, ನಿನ್ನನ್ನ ಒಂಟೆ ಹಿಂದಕ್ಕೇ ಅಟ್ತೀನಿ!”

ಅದಾದ ಒಂದು ವಾರಕ್ಕೆ ಗೆರೆ ಮಿನೆತುವಿನ ಗೋರಿಗೆ ಬಂತು. ಉರಿ ಮಧ್ಯಾಹ್ನ. ಮೂರು ಕಲ್ಲು ಅರ್ಧ ಮರಳಲ್ಲಿ ಹೂತು, ತುದಿಯಷ್ಟೇ ಕಾಣುತ್ತಿದ್ದವು. ಎಂಜಿನಿಯರ್ ದೂರದಿಂದಲೇ ಅದೇ ಪ್ರಶ್ನೆ ಕೇಳಿದ. ದೆಂಬಾ ಮೇಸ್ತ್ರಿ ಯೆಸ್ಲಿಮನ ಮುಖವನ್ನೇ ನೋಡುತ್ತ ನಿಂತಿದ್ದ.

“ಏನಿಲ್ಲ,” ಅಂದ ಯೆಸ್ಲಿಮ್.

ಗೂಟ ಮರಳಲ್ಲಿ ನಿಲ್ಲಲಿಲ್ಲ, ವಾಲುತ್ತಿತ್ತು. ಅವನು ಬಗ್ಗಿ ಆ ಮೂರು ಕಲ್ಲನ್ನು ಕಿತ್ತು ಗೂಟದ ಬುಡಕ್ಕೆ ಒತ್ತುಕೊಟ್ಟು ನಿಲ್ಲಿಸಿದ. ನಲವತ್ತೊಂದನೇ ಗೂಟ. ಅವತ್ತು ಸಂಜೆ ಗುಡಾರಕ್ಕೆ ಬಂದು ಕೈ ಎಷ್ಟು ತೊಳೆದರೂ ಮಸಿ ಹೋಗಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ನಮಗೆ ಹೇಳಿದ. ಎರಡು ವರ್ಷದ ಗಾಳಿಗೆ ಆ ಕಲ್ಲುಗಳಲ್ಲಿ ಮಸಿ ಉಳಿದಿರಲು ಸಾಧ್ಯವಿಲ್ಲ. ಅವನೂ ಅದನ್ನು ಬಲ್ಲ. ಆದರೂ ಹಾಗೆಯೇ ಹೇಳಿದ.

ಆಗ ಅವನಿಗೆ ಇನ್ನೂ ಒಂದು ಸಮಾಧಾನವಿತ್ತು: ಜಾಗ ಗೊತ್ತಿದೆ, ಬೀದಿಯ ಮೂಲೆಗೆ ನೆಟ್ಟ ಅಳತೆಯ ಕಲ್ಲಿನಿಂದ ಇಂತಿಷ್ಟು ಹೆಜ್ಜೆ. ಆದರೆ ಊರು ಅವನಿಗಿಂತ ಬೇಗ ನಡೆಯಿತು. ಸ್ವಾತಂತ್ರ್ಯದ ಸಮಾರಂಭ ಗುಡಾರಗಳಲ್ಲಿ ಮುಗಿಯಿತು, ಅದರ ಬೆನ್ನಿಗೇ ಗೋಡೆಗಳು ಎದ್ದವು. ನಲವತ್ತೊಂದನೇ ಗೂಟದ ಮೇಲೆ ಸಿಮೆಂಟು ಚೀಲ ಇಡುವ ತಗಡಿನ ದೊಡ್ಡ ಶೆಡ್ಡು ಬಂತು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಸಿದಾತಿ ಬಂದ. ಒಂಟೆಯ ಮೇಲೆ ಆರು ವರ್ಷದ ಮಗಳು ಸಲ್ಕಾ. ಬೀದಿ ಬೀದಿ ಕೇಳಿಕೊಂಡು ಯೆಸ್ಲಿಮನ ಗುಡಾರ ಹುಡುಕಿ ಬಂದವನು ದಣಿವು, ಗಾಬರಿಗಳ ನಡುವೆಯೂ ನಗುತ್ತಿದ್ದ.

“ದಿಬ್ಬಗಳೆಲ್ಲ ಎಲ್ಲೋದ್ವೋ ಯೆಸ್ಲಿಮ್? ಕಾಲಿಟ್ಟಲ್ಲೆಲ್ಲ ಗೋಡೆ! ನಂಗೆ ದಿಕ್ಕೇ ತಿಳೀಲಿಲ್ಲ. ನಿಂಗೊತ್ತಲ್ಲ, ಅವಳೆಲ್ಲಿದಾಳೆ ಅಂತ?”

“ಗೊತ್ತು.”

“ಅವಳ ಮೇಲೆ ಯಾರೂ ಏನೂ ಕಟ್ಟಿಲ್ಲ ತಾನೇ?”

ಯೆಸ್ಲಿಮ್ ಆ ಮಗುವಿನ ಮುಖ ನೋಡಿದ. “ಇಲ್ಲ,” ಅಂದ. “ಊರಾಚೆ ಇದಾಳೆ. ನಾಳೆ ಬೆಳಗ್ಗೆ ಕರ್ಕೊಂಡ್ ಹೋಗ್ತೀನಿ. ಇವತ್ತು ದಣಿದಿದೀಯ, ಹಾಲು ಕುಡಿದು ಮಲಕ್ಕೋ.”

ಹೊತ್ತು ಮುಳುಗುವ ಮುಂಚೆ ಅವನು ತನ್ನ ಹೆಂಡತಿ ನೇಮಾಳ ಒಲೆಯಿಂದ ಮೂರು ಕಲ್ಲು ಎತ್ತಿ ಚೀಲಕ್ಕೆ ಹಾಕಿಕೊಂಡ. ದಕ್ಷಿಣಕ್ಕೆ, ಯಾವ ನಕ್ಷೆಯೂ ಮುಟ್ಟದ ದಿಬ್ಬಗಳ ಕಡೆಗೆ ನಡೆದ. ಅಲ್ಲಿ ಒಂದಾಳುದ್ದ ಮರಳು ಒಟ್ಟಿ, ಮೆಕ್ಕಾ ದಿಕ್ಕು ನೋಡಿ, ಮೇಲೆ ಮೂರು ಕಲ್ಲಿಟ್ಟು ಬಂದ. ಬೆಳಗ್ಗೆ ನೇಮಾ ಅಂಗಳದಲ್ಲಿ ನಿಂತು ಕೂಗಿಕೊಂಡಳು: “ಒಲೆ ಕಲ್ಲು ಕದಿಯೋ ಕಳ್ಳ ಬಂದ್ನಾ ನಮ್ಮೂರಿಗೆ? ರಾಜಧಾನಿ ಅಂದ್ರೆ ಇದೇನಾ?” ಸಿದಾತಿ ಕೇಳಿ ನಕ್ಕ. ಯೆಸ್ಲಿಮ್ ನಗಲಿಲ್ಲ.

ಸಿದಾತಿ ಮಸಿ ಹಿಡಿದ ಕಲ್ಲು ನೋಡಿದ ಕೂಡಲೇ ಮಂಡಿಯೂರಿದ. ಮಗಳ ಕೈ ಹಿಡಿದು ಕಲ್ಲು ಮುಟ್ಟಿಸಿದ. “ನಿಮ್ಮಮ್ಮ ಅಡುಗೆ ಮಾಡ್ತಿದ್ದ ಕಲ್ಲು ಕಣಮ್ಮಾ.” ಮಗು ಕಲ್ಲಿಗೆ ಕೆನ್ನೆಯಿಟ್ಟಿತು. ಆಮೇಲೆ ಸಿದಾತಿ ಯೆಸ್ಲಿಮನನ್ನು ತಬ್ಬಿಕೊಂಡು, “ನೀನು ಮಾತು ಉಳಿಸ್ಕೊಂಡೆ,” ಅಂದ.

ಆವತ್ತಿನಿಂದ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಸಿದಾತಿ ಬರುತ್ತಿದ್ದ. ಯೆಸ್ಲಿಮನಿಗೆಂದು ಒಂದು ತೊಗಲ ಚೀಲದ ತುಂಬ ಬೆಣ್ಣೆ ತರುತ್ತಿದ್ದ. ಯೆಸ್ಲಿಮ್ ಅದನ್ನು ಬಾಯಿಗಿಡುತ್ತಿರಲಿಲ್ಲ, ಅಕ್ಕಪಕ್ಕದವರಿಗೆ ಹಂಚಿಬಿಡುತ್ತಿದ್ದ. ಅವರೆಲ್ಲ, “ಬೆಣ್ಣೆ ಬರೋ ಸ್ನೇಹಿತ ನಮಗೂ ಒಬ್ಬ ಸಿಗ್ಲಪ್ಪ,” ಎಂದು ತಮಾಷೆ ಮಾಡುತ್ತಿದ್ದರು.

ಕೆಲಸದಲ್ಲಿ ಅವನು ಮೇಲೆ ಬಂದ. ಬಡಾವಣೆ ಮೇಲೆ ಬಡಾವಣೆಗೆ ಗೂಟ ಹೊಡೆದ. ತಾನು ಮಾತ್ರ ಗುಡಾರ ಬಿಡಲಿಲ್ಲ. ಕಡೆಗೆ ನೇಮಾ ಗಂಟು ಕಟ್ಟಿದಳು.

“ಊರಿಗೆಲ್ಲ ಅಳೆದು ಅಳೆದು ಮನೆ ಕೊಟ್ಟೆ. ನಂಗೆ ಒಂದು ಗೋಡೆ ಇಲ್ಲ!”

“ಯಾವ ನೆಲದ ಕೆಳಗೆ ಯಾರಿದಾರೋ ನೇಮಾ. ಗುಡಾರ ಆದ್ರೆ ಎತ್ತಿ ಪಕ್ಕಕ್ಕೆ ಇಡಬಹುದು.”

“ಹಾಗಾದ್ರೆ ನಿನ್ನ ಸತ್ತೋರ ಜೊತೇನೇ ಸಂಸಾರ ಮಾಡು,” ಎಂದು ತೌರಿಗೆ ಹೋದವಳು ಬೇರೆ ಮದುವೆಯಾದಳು. ಅವಳು ಏನೂ ತಿಳಿಯದೆ ಆಡಿದ ಮಾತು. ಅವನಿಗದು ಕೊನೆಯವರೆಗೂ ಕಿವಿಯಲ್ಲಿತ್ತು.

ಎಪ್ಪತ್ತರ ನಂತರ ಮರುಭೂಮಿಯೇ ಎದ್ದು ಊರಿಗೆ ಬಂದಿತು. ಮೇವಿಲ್ಲದೆ ದನ ಒಂಟೆ ಸತ್ತು, ಗುಡಾರದವರು ಸಾವಿರ ಸಾವಿರವಾಗಿ ಬಂದು ಊರ ಸುತ್ತ ತಗಡು, ಗೋಣಿ, ಮುರಿದ ಪೆಟ್ಟಿಗೆ ಕಟ್ಟಿಕೊಂಡು ಕೂತರು. ದಕ್ಷಿಣದ ದಿಬ್ಬಗಳೂ ತುಂಬಿದವು. ಅಲ್ಲಿ ಮೊದಲು ಸತ್ತವರನ್ನು ಎಲ್ಲಿ ಹೂಳುವುದೆಂದು ನೋಡಿದಾಗ ಅವರಿಗೆ ಒಂದು ಗೋರಿ ಕಾಣಿಸಿತು. ಗೋರಿ ಇದ್ದಲ್ಲಿ ಸ್ಮಶಾನ ಇದ್ದೀತು ಅಂದುಕೊಂಡು ಪಕ್ಕದಲ್ಲಿ ಹೂತರು. ಅದರ ಪಕ್ಕ ಇನ್ನೊಂದು. ಸಿದಾತಿಯೊಡನೆ ಹೋದ ಯೆಸ್ಲಿಮ್ ಪ್ರತಿ ವರ್ಷ ಎಣಿಸುತ್ತಿದ್ದ: ಏಳು, ಮೂವತ್ತು, ಇನ್ನೂರು. ತಾನು ಮರಳು ಒಟ್ಟಿ ಮಾಡಿದ ಸುಳ್ಳಿನ ಸುತ್ತ ನಿಜವಾದ ಸತ್ತವರು ಬಂದು ಮಲಗುತ್ತಿದ್ದರು.

ಅದೇ ಹೊತ್ತಿಗೆ ಊರೊಳಗೆ ತಗಡಿನ ಶೆಡ್ಡು ಕಿತ್ತು ಮನೆಗಳನ್ನು ಕಟ್ಟಿದರು. ಅವನು ಮೂಲೆಯ ಕಲ್ಲಿನಿಂದ ಹೆಜ್ಜೆ ಎಣಿಸಿಕೊಂಡು ಬಂದ. ಎಣಿಕೆ ನಮ್ಮ ಅಡುಗೆಮನೆಯ ಹಿಂದೆ ನಿಂತಿತು.

ಎಂಬತ್ನಾಲ್ಕರಲ್ಲಿ ಸಿದಾತಿ ಕಾಯಿಲೆಯಾಗಿ ಇದೇ ಊರಿನಲ್ಲಿ, ಮಗಳ ಮನೆಯಲ್ಲಿ ಸತ್ತ. ಹೆಂಡತಿಯ ಪಕ್ಕದಲ್ಲೇ ತನ್ನನ್ನು ಮಲಗಿಸಬೇಕು, ಗುಂಡಿಯನ್ನು ಯೆಸ್ಲಿಮನೇ ತೋಡಬೇಕು ಎಂಬುದು ಅವನ ಕೊನೆಯ ಮಾತು. ಬಾಯಿ ಬಿಡಬೇಕೆಂದು ಯೆಸ್ಲಿಮ್ ಅವನ ಹಾಸಿಗೆಯ ಪಕ್ಕ ಎರಡು ದಿನ ಕೂತಿದ್ದ. ಬಾಯಿ ಬರಲಿಲ್ಲ. ಖಾಲಿ ಗೋರಿಯ ಪಕ್ಕದಲ್ಲಿ ಗುಂಡಿ ತೋಡಿದ. ತೋಡುವಾಗ ಪಕ್ಕದ ಮರಳು ಜಾರಿ ಆ ಕಡೆ ಏನೂ ಇಲ್ಲದ್ದು ಜನಕ್ಕೆ ಕಂಡುಬಿಟ್ಟರೆ ಎಂದು ನಡುವೆ ಒಂದು ತೋಳಿನಷ್ಟು ಅಂತರ ಬಿಟ್ಟು ತೋಡಿದ.

ಸಲ್ಕಾ ಮಾರುಕಟ್ಟೆಯಲ್ಲಿ ಬಣ್ಣ ಹಾಕಿದ ಬಟ್ಟೆಯ ಅಂಗಡಿಯಿಟ್ಟಿದ್ದಳು. ಅಪ್ಪ ಹೋದ ಮೇಲೆ ಅವಳು ಅವನನ್ನು ಯೆಸ್ಲಿಮ್ ಮಾಮಾ ಎಂದು ಮನೆಯ ಹಿರಿಯನಂತೆ ಕಂಡಳು. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದಳು.

ಹೀಗೆ ಇನ್ನೂ ಮೂವತ್ತು ವರ್ಷ ಕಳೆಯಿತು. ನದಿಯ ನೀರನ್ನು ಪೈಪಿನಲ್ಲಿ ತಂದರು. ಹದಿನೈದು ಸಾವಿರದ ಊರು ಹತ್ತು ಲಕ್ಷಕ್ಕೆ ಹೋಗಿತ್ತು. ಬಂದ ನೀರು ಹೋಗಲು ಚರಂಡಿಯಿಲ್ಲ. ಊರಿನ ಹೊಟ್ಟೆ ತುಂಬಿ ಕೆಳಗಿನಿಂದ ಉಪ್ಪುನೀರು ಉಕ್ಕತೊಡಗಿತು. ನಮ್ಮ ತಗ್ಗಿನ ಬಡಾವಣೆಯಲ್ಲಿ ಗೋಡೆಗೆ ಸೊಂಟದೆತ್ತರ ಬಿಳಿ ಉಪ್ಪು ಹತ್ತಿತು. ನನ್ನ ಕೋಣೆಯ ನೆಲ ಎಲ್ಲಕ್ಕಿಂತ ಮೊದಲು ಒದ್ದೆಯಾಯಿತು. ಒಂದು ವರ್ಷ ಮಳೆಯೂ ಜೋರಾಗಿ ಬಂದು ಅಂಗಳದಲ್ಲಿ ಮೊಣಕಾಲಿನವರೆಗೆ ನೀರು ನಿಂತಿತು. ಅಕ್ಕಪಕ್ಕದವರು ಮನೆ ಬಿಟ್ಟು ಹೋಗುತ್ತಿದ್ದರು.

ಆ ಶುಕ್ರವಾರವೂ ಯೆಸ್ಲಿಮ್ ಬಂದ. ಎಪ್ಪತ್ತೆಂಟರ ಮುದುಕ, ಕೈಯಲ್ಲಿ ನೀರಿನ ಡಬ್ಬಿ. ನಿಲುವಂಗಿ ಎತ್ತಿ ಕಟ್ಟಿ ನೀರಲ್ಲಿ ನಡೆದು ಅಡುಗೆಮನೆಯ ಹಿಂದೆ ಹೋಗಿ ಸುಮ್ಮನೆ ನಿಂತುಬಿಟ್ಟ. ನಾನು ಹೋಗಿ ನೋಡಿದರೆ ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ.

“ಏನಜ್ಜಾ? ಇವತ್ತು ನೀರು ಬೇಕಾ? ಊರೇ ಮುಳುಗಿದೆ,” ಅಂದೆ.

“ಅವಳಿಗೆ ಬಾಯಾರಿಕೆ ಆಗದಿರ್ಲಿ ಅಂತ ಇಷ್ಟು ವರ್ಷ ಹೊಯ್ದೆ ಮಗಳೇ. ಈಗ ಮುಳುಗಿಸಿಬಿಟ್ಟೆ.”

“ಯಾರಿಗೆ?”

ಒಳಗೆ ಕರೆತಂದು ಮಂಚದ ಮೇಲೆ ಕೂರಿಸಿದೆವು. ನಾನು ಈವರೆಗೆ ಹೇಳಿದ್ದನ್ನೆಲ್ಲ ಅವನು ಅಲ್ಲಿ ಕೂತು ಹೇಳಿದ. ಅಮ್ಮ ಚಹಾ ಇಟ್ಟಿದ್ದಳು. ಮೊದಲ ಲೋಟವೇ ಆರಿಹೋಯಿತು. ಎಲ್ಲ ಕೇಳಿದ ಮೇಲೆ ಅಮ್ಮ ಅಂದದ್ದು ಇಷ್ಟೆ: “ನಾನು ಮೂವತ್ತೈದು ವರ್ಷದಿಂದ ಒಬ್ಬ ಹೆಂಗಸಿನ ತಲೆ ಮೇಲೆ ಪಾತ್ರೆ ತೊಳೆದ ನೀರು ಚೆಲ್ಲಿದೀನಿ.” ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಲ್ಕಾಗೆ ಹೇಳಲು ಅವನು ಒಬ್ಬನೇ ಹೋಗಲಾರೆನೆಂದ. ಮರುದಿನ ನಾನು ಜೊತೆಗೆ ಹೋದೆ. ಸಲ್ಕಾ ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಐವತ್ತೇಳರ ದಪ್ಪ ಮೈಯ ಹೆಂಗಸು, ಬೆರಳೆಲ್ಲ ನೀಲಿ.

“ಬನ್ನಿ ಮಾಮಾ, ನೀರಲ್ಲಿ ಕೊಚ್ಚಿ ಹೋಗ್ಲಿಲ್ವಾ ನೀವು? ಇವಳ್ಯಾರು?”

ಅವನು ನಿಂತೇ ಹೇಳಿದ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, “ಇನ್ನೊಂದ್ಸಲ ಹೇಳಿ,” ಅಂದಳು. ಅವನು ಇನ್ನೊಂದು ಸಲ ಹೇಳಿದ. ಅವಳ ಕೈ ಆಗ ನಿಂತಿತು.

“ನಮ್ಮಮ್ಮನ ಒಲೆ ಕಲ್ಲು ಏನ್ಮಾಡ್ದೆ?” ನೀವು ಹೋಗಿ ನೀನು ಬಂದಿತ್ತು.

“ಗೂಟಕ್ಕೆ ಒತ್ತುಕೊಟ್ಟೆ.”

“ಹಂಗಾದ್ರೆ ನಾನು ಕೆನ್ನೆ ಇಟ್ಟಿದ್ದು ನಿನ್ನ ಹೆಂಡ್ತಿ ಒಲೆ ಕಲ್ಲಿಗೆ.”

“ಹೌದಮ್ಮಾ.”

“ನಮ್ಮಪ್ಪ ಸಾಯೋವಾಗ ನಿನ್ನ ಕೈ ಹಿಡ್ಕೊಂಡೇ ಇದ್ದ. ಆಗಲೂ ಹೇಳ್ಲಿಲ್ಲ.”

ಅವನು ಬಟ್ಟೆಗಂಟಿನ ಮುಂದೆ ಕುಸಿದು ಕೂತು ಕ್ಷಮಿಸು ಅಂದ. ಸಲ್ಕಾ ಮಡಿಸಿದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಳುತ್ತಿರಲಿಲ್ಲ.

“ನನ್ನ ಪಾಲಿಂದು ನಾನು ಬಿಡಬಹುದು. ನಮ್ಮಪ್ಪನ ಪಾಲು ನನ್ನ ಕೈಲಿಲ್ಲ. ಅದನ್ನ ಅವನ ಹತ್ರಾನೇ ಹೋಗಿ ಕೇಳ್ಕೋ,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ನಡಿ, ನಿಮ್ಮನೆ ತೋರ್ಸು,” ಎಂದು ಅಂಗಡಿಯ ಪರದೆ ಎಳೆದಳು.

ಇಮಾಮರನ್ನು ಕೇಳಿದೆವು. ಅವರು ಒಂದು ದಿನ ಯೋಚಿಸಿ, “ಸತ್ತೋರನ್ನ ಎಬ್ಬಿಸಬಾರದು ನಿಜ. ಆದ್ರೆ ಕೊಳೆನೀರಲ್ಲಿ ಬಿಡೋದೂ ಸರಿಯಲ್ಲ. ತೆಗೀರಿ,” ಅಂದರು. ನೀರು ಸ್ವಲ್ಪ ಇಳಿದ ಮೇಲೆ ಇಬ್ಬರು ಆಳುಗಳು ಅಡುಗೆಮನೆಯ ಹಿಂದೆ ಅಗೆದರು. ಬಕೆಟ್ಟಿನಲ್ಲಿ ನೀರು ಮೊಗೆಯುವುದು, ಮತ್ತೆ ಅಗೆಯುವುದು. ಎರಡು ದಿನ ಅಗೆದರೂ ಮರಳು, ಇಟ್ಟಿಗೆ ಚೂರು, ಕಪ್ಪೆಚಿಪ್ಪು, ಅಷ್ಟೆ. ಯೆಸ್ಲಿಮ್ ಗುಂಡಿಯ ಅಂಚಿನಲ್ಲಿ ನಿಂತು ಹೆಜ್ಜೆಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಬೀದಿಯ ಹಳಬನೊಬ್ಬ ಬಂದು, “ಆ ಮೂಲೆ ಕಲ್ಲಾ? ಈ ಮನೆಗಳು ಏಳೋಕೆ ಮುಂಚೆ ರಸ್ತೆ ಅಗಲ ಮಾಡಿದಾಗ ಅದನ್ನ ಕಿತ್ತು ಈಚೆ ನೆಟ್ರಲ್ಲ,” ಅಂದ. ಇಷ್ಟು ವರ್ಷ ಅವನು ನೀರು ಹೊಯ್ದದ್ದು ಯಾರೂ ಇಲ್ಲದ ಜಾಗಕ್ಕೆ.

“ಎಷ್ಟು ಸರಿಸಿದ್ರು? ಎಷ್ಟು ಹೆಜ್ಜೆ?”

“ಅದ್ಯಾರಿಗೆ ನೆನಪಿರುತ್ತೆ ಮಾರಾಯಾ.”

ಸಲ್ಕಾ ಈ ನಡುವೆ ಕೋಣೆ ಕೋಣೆ ಸುತ್ತಿ ನೋಡುತ್ತಿದ್ದಳು. ನನ್ನ ಕೋಣೆಯಿಂದ ಕೂಗಿದಳು: “ಈ ಮಂಚಕ್ಯಾಕೆ ಒಂದೇ ಕಾಲಿಗೆ ಇಷ್ಟು ಹಲಗೆ ಇಟ್ಟಿದೀರಿ?”

“ಅಲ್ಲಿ ನೆಲ ಇಳೀತಾ ಇರುತ್ತೆ,” ಅಂದಳು ಅಮ್ಮ.

ಯೆಸ್ಲಿಮ್ ಬಾಗಿಲಿಗೆ ಬಂದು ಆ ಮೂಲೆ ನೋಡಿದ. ನೆಲದ ಕೆಲಸದಲ್ಲಿ ಮುದುಕನಾದವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಮ್ಮೆ ತೋಡಿ ತುಂಬಿದ ಮಣ್ಣು ಮಾತ್ರ ಹಾಗೆ ಕುಸಿಯುತ್ತದೆ. ಹುಡುಗಿಯಾಗಿದ್ದಾಗಿನಿಂದ ನಾನು ಮಲಗಿದ್ದು ಅವಳ ಮೇಲೆ.

ಸಿಮೆಂಟು ಒಡೆದು ಸೊಂಟದಾಳ ಅಗೆಯುವಷ್ಟರಲ್ಲಿ ಸಿಕ್ಕಳು. ಎಲುಬುಗಳು ಉಪ್ಪುನೀರಿಗೆ ಕಂದಿದ್ದವು, ಕೆಲವು ಕೈಗೆ ಬರುತ್ತಲೇ ಪುಡಿಯಾದವು. ಎಡಗೈಯ ಮೂಳೆ ಮಾತ್ರ ಗಟ್ಟಿಯಾಗಿತ್ತು. ನಡುವೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಸಲ್ಕಾ ಅದನ್ನು ಕೈಗೆ ತೆಗೆದುಕೊಂಡಳು.

“ಒಂಟೆಯಿಂದ ಬಿದ್ದು ಮುರ್ಕೊಂಡಿದ್ಲಂತೆ. ಅಪ್ಪ ಹೇಳ್ತಿದ್ದ, ರೊಟ್ಟಿ ತಟ್ಟೋವಾಗ ಈ ಕೈ ಹಿಂಗೆ ತಿರುಗ್ತಿತ್ತು ಅಂತ,” ಎಂದು ತನ್ನ ಕೈ ತಿರುಗಿಸಿ ತೋರಿಸಿದಳು. ಆಗ ಅತ್ತಳು.

ಬಿಳಿ ಬಟ್ಟೆಯಲ್ಲಿ ಸುತ್ತಿ ದಕ್ಷಿಣದ ಸ್ಮಶಾನಕ್ಕೆ ಒಯ್ದೆವು. ಈಗ ಅದರ ನಾಲ್ಕೂ ಕಡೆ ಮನೆಗಳು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಗೋರಿ. ಖಾಲಿ ಗೋರಿಯನ್ನು ತೆರೆದು ಅದರಲ್ಲೇ ಅವಳನ್ನು ಇಟ್ಟರೆ ಸಿದಾತಿಯ ಪಕ್ಕಕ್ಕೆ ಬಂದಂತಾಗುತ್ತದೆ ಎಂಬುದು ಎಲ್ಲರ ಮಾತು. ಯೆಸ್ಲಿಮ್ ತಾನೇ ಮೂರು ಕಲ್ಲು ಎತ್ತಿ ಪಕ್ಕಕ್ಕಿಟ್ಟ. ಆಳು ನಾಲ್ಕು ಸಲ ಸಲಿಕೆ ಹಾಕಿದವನು ನಿಲ್ಲಿಸಿದ.

“ಅಜ್ಜಾ, ಇದು ಖಾಲಿ ಅಂದ್ರಲ್ಲ?”

ಬಗ್ಗಿ ನೋಡಿದೆವು. ಬಣ್ಣ ಹೋದ ನೀಲಿ ಬಟ್ಟೆಯ ಚೂರು. ಅದರಲ್ಲಿ ಒಂದು ಮಗುವಿನ ಎಲುಬು. ತಲೆ ಒಂದು ಕಿತ್ತಳೆಯಷ್ಟಿತ್ತು.

ಯೆಸ್ಲಿಮ್ ಹಿಂದೆ ಸರಿಯುತ್ತ, “ನಾನು ಅಗೆದಿರ್ಲಿಲ್ಲ. ಬರೀ ಕಲ್ಲಿಟ್ಟಿದ್ದೆ. ಅಲ್ಲಾಹನಾಣೆ, ಬರೀ ಕಲ್ಲು,” ಅನ್ನುತ್ತಿದ್ದ. ಹಸಿವಿನ ವರ್ಷಗಳಲ್ಲಿ, ಕಲ್ಲೂ ಸಿಗದ ಆ ಮರಳಲ್ಲಿ, ಯಾವಳೋ ತಾಯಿ ಕಲ್ಲಿಟ್ಟಿದ್ದ ಗೋರಿಯನ್ನು ನೋಡಿ ತನ್ನ ಮಗುವನ್ನು ಅದರೊಳಗೇ ಇಟ್ಟು ಹೋಗಿದ್ದಳು. ಒಳಗೆ ದೊಡ್ಡವರು ಯಾರೋ ಇದ್ದಾರೆ, ಮಗು ಒಂಟಿಯಾಗುವುದಿಲ್ಲ ಅಂದುಕೊಂಡಿರಬೇಕು.

ಸಲ್ಕಾ ಮರಳ ಮೇಲೆ ಕೂತಳು. “ಅಂದ್ರೆ ನಾನು ಇಷ್ಟು ವರ್ಷ ದುವಾ ಓದಿದ್ದು ಇದಕ್ಕೆ,” ಅಂದಳು. ಆಮೇಲೆ ಆಳಿನ ಕಡೆ ತಿರುಗಿ, “ಮುಚ್ಚಿ. ಇದನ್ನ ಮುಟ್ಬೇಡಿ,” ಅಂದಳು.

ಆಗ ಯೆಸ್ಲಿಮ್ ಸಿದಾತಿಯ ಗೋರಿಗೂ ಇದಕ್ಕೂ ನಡುವೆ ತಾನು ಬಿಟ್ಟಿದ್ದ ತೋಳಿನಷ್ಟು ಅಂತರ ತೋರಿಸಿದ. ಒಂದು ಹೆಣಕ್ಕೆ ಸಾಲದ ಜಾಗ, ಎಲುಬುಗಳಿಗೆ ಸಾಕಾಯಿತು. ಮಿನೆತುವನ್ನು ಗಂಡನಿಗೂ ಆ ಮಗುವಿಗೂ ನಡುವೆ ಮಲಗಿಸಿದೆವು. ಇಮಾಮರು ಓದುತ್ತಿರುವಾಗ ಯೆಸ್ಲಿಮ್ ಸಿದಾತಿಯ ಗೋರಿಯ ಕಾಲ ಕಡೆ ಹಣೆ ಹಚ್ಚಿ ಏನೋ ಹೇಳಿಕೊಳ್ಳುತ್ತಿದ್ದ. ಮುಗಿಯುವವರೆಗೂ ಏಳಲಿಲ್ಲ. ಆಮೇಲೆ ಆಳುಗಳೇ ಎಬ್ಬಿಸಬೇಕಾಯಿತು.

ಭಾರ ಇಳಿಯಿತು, ಇನ್ನು ಅವನು ಹಗುರಾಗುತ್ತಾನೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಆ ಮಗು ಅವನನ್ನು ಹಿಡಿದುಕೊಂಡಿತು. ದಿನವೂ ದಕ್ಷಿಣದ ಬಡಾವಣೆಗೆ ಹೋಗಿ ವಯಸ್ಸಾದ ಹೆಂಗಸರ ಬಾಗಿಲಲ್ಲಿ ನಿಂತು, ನೀಲಿ ಬಟ್ಟೆಯಲ್ಲಿ ಮಗು ಹೂತವರು ಯಾರಾದರೂ ಇದ್ದಾರಾ, ಮೂರು ಕಲ್ಲಿನ ಗೋರಿ ನೆನಪಿದೆಯಾ ಎಂದು ಕೇಳುತ್ತಿದ್ದ. ಒಂದು ದಿನ ನಾನೂ ಜೊತೆಗಿದ್ದೆ. ಕಣ್ಣಿಗೆ ಪೊರೆ ಬಂದ ಒಬ್ಬ ಮುದುಕಿ ಬಾಗಿಲಿಗೆ ಬಂದು ಅವನ ಮಾತು ಪೂರ್ತಿ ಕೇಳಿದಳು.

“ಯಾವ ವರ್ಷ ಅಂದೆ? ಆ ವರ್ಷಗಳಲ್ಲಿ ನಾನೇ ಎರಡು ಹೂತೆ ಕಣಯ್ಯಾ. ನೀಲಿ ಬಟ್ಟೆ ಬಿಟ್ರೆ ಇನ್ಯಾವುದಿತ್ತು ನಮ್ಮತ್ರ? ಎಲ್ಲಿ ಅಂತ ಕೇಳ್ತೀಯಲ್ಲ, ನಂಗೊತ್ತಿದ್ರೆ ನಾನು ಇಲ್ಲಿ ಕೂತಿರ್ತಿದ್ನಾ?”

ಅವನು ಮುಂದಿನ ಬೇಸಿಗೆಯಲ್ಲಿ ತನ್ನ ಗುಡಾರದಲ್ಲಿ ತೀರಿಕೊಂಡ. ಗುಡಾರದ ಸುತ್ತ ಅಷ್ಟು ಹೊತ್ತಿಗೆ ಮೂರಂತಸ್ತಿನ ಮನೆಗಳು ಎದ್ದು, ಅವುಗಳ ಮಾಳಿಗೆಯಿಂದ ನೋಡಿದರೆ ಅದು ಬಾವಿಯ ತಳದಲ್ಲಿ ಬಿದ್ದ ಬಟ್ಟೆಯಂತೆ ಕಾಣುತ್ತಿತ್ತು. ದಕ್ಷಿಣದ ಸ್ಮಶಾನ ತುಂಬಿತ್ತು, ಪೂರ್ವದ ರಸ್ತೆಯ ಕಡೆ ಹೊಸದಾಗಿ ಗುರುತು ಹಾಕಿದ ಬಯಲಲ್ಲಿ ಅವನನ್ನು ಹೂತರು. ಸಲ್ಕಾ ಹೆಣಕ್ಕೆ ಸುತ್ತುವ ಕಫನಿನ ಬಟ್ಟೆ ಕಳಿಸಿದಳು. ತಾನು ಬರಲಿಲ್ಲ.

ನಮ್ಮ ಮನೆಯನ್ನು ಬಿಟ್ಟುಬಂದೆವು. ಅಲ್ಲೀಗ ನೀರು ನಿಂತು ಜೊಂಡು ಬೆಳೆದಿದೆ. ಗೋಡೆಗಳು ಒಂದೊಂದಾಗಿ ಕುಸಿದಿವೆ, ಬಿಳಿ ಹಕ್ಕಿಗಳು ಬರುತ್ತವೆ. ಹೊಸ ಮನೆಯ ನೆಲ ಗಟ್ಟಿಯಾಗಿದೆ, ಮಂಚ ಅಲ್ಲಾಡುವುದಿಲ್ಲ. ಆದರೂ ನಾನು ಮಧ್ಯಾಹ್ನ ಚಾಪೆ ಹಾಸುವ ಮುಂಚೆ ಒಮ್ಮೆ ನೆಲವನ್ನು ಕೈಯಿಂದ ಮುಟ್ಟಿ ನೋಡುತ್ತೇನೆ. ಈ ಅಭ್ಯಾಸ ಹೋಗುವುದಿಲ್ಲ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಸಲ್ಕಾ ಜೊತೆ ದಕ್ಷಿಣದ ಸ್ಮಶಾನಕ್ಕೆ ಹೋದೆ. ಅವಳು ಮೊದಲು ತಾಯಿಗೆ ದುವಾ ಓದಿದಳು, ಆಮೇಲೆ ತಂದೆಗೆ, ಆಮೇಲೆ ಹೆಸರಿಲ್ಲದ ಆ ಮಗುವಿಗೆ. ಮುಗಿಸಿ ಮುಖ ಸವರಿಕೊಂಡಾಗ ನಾನು ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ.

“ಯೆಸ್ಲಿಮ್ ಅಜ್ಜನಿಗೂ ಓದ್ತೀಯಾ ಅಕ್ಕಾ?”

“ಓದ್ತೀನಿ,” ಅಂದಳು ಸಲ್ಕಾ. “ಮನೆಗ್ಹೋದ್ಮೇಲೆ. ಇವರ ಮುಂದೆ ಅಲ್ಲ.”

ಅವಳು ಏಳಲು ನನ್ನ ಭುಜ ಹಿಡಿದಳು. ಬಿಸಿಲು ಏರಿತ್ತು. ಇಬ್ಬರೂ ಗೋರಿಗಳ ನಡುವೆ ದಾರಿ ಹುಡುಕುತ್ತ ರಸ್ತೆಗೆ ಬಂದೆವು.